ಸಾಲ್ಜ್‌ಬರ್ಗ್‌ನ ಮಸಾಲೆ ಗುಚ್ಛ ಕಟ್ಟುವುದು ಹೇಗೆ: ಬಿಡಿ ಲವಂಗದಿಂದ ಬಿಗಿಯಾದ ಗುಚ್ಛದವರೆಗೆ

ಆಸ್ಟ್ರಿಯಾದ ಸಾಲ್ಜ್‌ಬರ್ಗ್‌ನಲ್ಲಿ ತಾಜಾ ಹೂವುಗಳ ಬದಲು ಲವಂಗ, ಚಕ್ಕೆ, ಜಾಯಿಕಾಯಿ, ಏಲಕ್ಕಿ, ಚಕ್ರಮೊಗ್ಗುಗಳನ್ನು ಚಿನ್ನದ ಬಣ್ಣದ ತಂತಿಯಲ್ಲಿ ಕಟ್ಟಿ, ಸುತ್ತಲೂ ಲೇಸ್ ಇಟ್ಟು ದುಂಡನೆಯ ಗುಚ್ಛ ಮಾಡುವ ಸಂಪ್ರದಾಯವಿದೆ. ಕ್ರಿಸ್ಮಸ್‌ಗೆ ಮುಂಚಿನ ವಾರಗಳಲ್ಲಿ ಅಲ್ಲಿನ ಕೆಥೆಡ್ರಲ್ ಸುತ್ತಲಿನ ಚೌಕಗಳಲ್ಲಿ ನೆರೆಯುವ ಸಂತೆಯಲ್ಲಿ ಇವು ಮಾರಾಟಕ್ಕೆ ಬರುತ್ತವೆ. ಬೇಕಾದ ಪದಾರ್ಥಗಳೆಲ್ಲ ನಮ್ಮ ಅಡುಗೆಮನೆಯ ಡಬ್ಬಿಗಳಲ್ಲೇ ಇರುವುದರಿಂದ ಇದನ್ನು ಮನೆಯಲ್ಲಿ ಮಾಡಲು ಹೊರಡುವವರು ಬಹಳ ಮಂದಿ. ಆದರೆ ಹೆಚ್ಚಿನವರ ಪ್ರಯತ್ನ ಒಂದೇ ರೀತಿಯಲ್ಲಿ ಕೆಡುತ್ತದೆ: ಲವಂಗದ ತಲೆಗಳು ಉದುರುತ್ತವೆ, ಜಾಯಿಕಾಯಿ ಜೋತುಬೀಳುತ್ತದೆ, ಗುಚ್ಛ ಒಂದು ಬದಿಗೆ ವಾಲುತ್ತದೆ, ಎರಡು ಮೂರು ತಿಂಗಳಲ್ಲಿ ಅಡಿಯಲ್ಲಿ ಕಂದು ಪುಡಿ ಉದುರಲು ಶುರುವಾಗುತ್ತದೆ.

ಈ ತೊಂದರೆಗಳಲ್ಲಿ ಹೆಚ್ಚಿನವಕ್ಕೆ ಮೂಲ ಕೆಲಸದ ಕ್ರಮ ತಪ್ಪುವುದರಲ್ಲಿದೆ. ಕೈಗೆ ಸಿಕ್ಕ ಮಸಾಲೆಗೆ ತಂತಿ ಸುತ್ತಿ, ಕೂಡಲೇ ಅದನ್ನು ಗುಚ್ಛಕ್ಕೆ ಸೇರಿಸಿ, ಮತ್ತೆ ಮುಂದಿನದನ್ನು ಕೈಗೆತ್ತಿಕೊಳ್ಳುವವರು ಗುಚ್ಛವನ್ನು ಪದೇ ಪದೇ ಕೆಳಗಿಡಬೇಕಾಗುತ್ತದೆ. ಕೆಳಗಿಟ್ಟ ಪ್ರತಿ ಸಲವೂ ಕಟ್ಟು ಸಡಿಲಾಗುತ್ತದೆ. ಪ್ರತಿಯೊಂದು ಬಿಡಿ ತುಂಡಿಗೂ ತನ್ನದೇ ತಂತಿಯ ದಂಟು ಬಂದು, ಅದು ಪೂರ್ತಿ ಒಣಗಿ, ಬಗೆಬಗೆಯಾಗಿ ವಿಂಗಡಣೆಯಾದ ಮೇಲೆಯೇ ಕಟ್ಟುವ ಕೆಲಸಕ್ಕೆ ಕೈಹಾಕಬೇಕು. ಮೊಗ್ಗಿನ ಜಡೆ ಹೆಣೆಯುವವರು ಮೊದಲು ಮೊಗ್ಗುಗಳನ್ನೆಲ್ಲ ಆರಿಸಿ, ಅಳತೆ ನೋಡಿ ಜೋಡಿಸಿಟ್ಟುಕೊಂಡು ಆಮೇಲೆ ಸೂಜಿ ಹಿಡಿಯುವ ಶಿಸ್ತೇ ಇಲ್ಲಿಯೂ ಬೇಕು.

ಬೇಕಾಗುವ ಸಾಮಗ್ರಿ

ಇಲ್ಲಿ ಹೇಳುವ ಅಳತೆಯಿಂದ ಸುಮಾರು 11 ಸೆಂ.ಮೀ. ಅಗಲದ ಒಂದು ಗುಚ್ಛವಾಗುತ್ತದೆ. ಅದಕ್ಕೆ 60 ಲವಂಗ, 6 ಚಕ್ರಮೊಗ್ಗು (ಕೆಲವು ಅಂಗಡಿಗಳಲ್ಲಿ ಇದನ್ನು ಅನಾನಸ್ ಹೂ ಎನ್ನುತ್ತಾರೆ), 3 ಜಾಯಿಕಾಯಿ, 24 ಏಲಕ್ಕಿ ಮತ್ತು 3 ಸೆಂ.ಮೀ. ಉದ್ದದ 18 ಚಕ್ಕೆ ತುಂಡುಗಳು ಬೇಕು. ಕೆಲಸದ ನಡುವೆ ಒಡೆಯುವವೂ ಇರುತ್ತವೆಯಾದ್ದರಿಂದ ಪ್ರತಿಯೊಂದನ್ನೂ ಕಾಲು ಭಾಗದಷ್ಟು ಹೆಚ್ಚು ತೆಗೆದಿಟ್ಟುಕೊಳ್ಳಿ.

ತಂತಿ ಮೂರು ದಪ್ಪದ್ದಿರಲಿ: ಲವಂಗ ಮತ್ತು ಏಲಕ್ಕಿಗೆ 0.3 ಮಿ.ಮೀ., ದಂಟುಗಳಿಗೆ 0.6 ಮಿ.ಮೀ., ಜಾಯಿಕಾಯಿಗೆ 0.8 ಮಿ.ಮೀ. ಅಂಗಡಿಯಲ್ಲಿ ಗೇಜ್ ಸಂಖ್ಯೆಯನ್ನು ನಂಬದೆ ಮಿಲಿಮೀಟರಿನಲ್ಲೇ ಕೇಳಿ, ಏಕೆಂದರೆ ಗೇಜ್ ಲೆಕ್ಕದಲ್ಲಿ ಒಂದಕ್ಕಿಂತ ಹೆಚ್ಚು ಪದ್ಧತಿಗಳಿದ್ದು, ಒಂದೇ ಸಂಖ್ಯೆಯ ತಂತಿ ಬೇರೆ ಬೇರೆ ದಪ್ಪದಲ್ಲಿ ಸಿಗುತ್ತದೆ. ಮೆತ್ತನೆಯ ತಾಮ್ರದ ತಂತಿ, ಅದರಲ್ಲೂ ಮೇಲೆ ವಾರ್ನಿಷ್ ಲೇಪನವಿರುವುದು, ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಸ್ಪ್ರಿಂಗಿನಂತೆ ಪುಟಿಯುವ ಉಕ್ಕಿನ ತಂತಿ ಲವಂಗವನ್ನು ಕತ್ತರಿಸುತ್ತದೆ.

ಆಸ್ಟ್ರಿಯಾದವರು ಅಲಂಕಾರಕ್ಕೆ ಬಳಸುವುದು ಸಣ್ಣ ಸುರುಳಿಯಾಗಿ ಸುತ್ತಿದ ಬಂಗಾರದ ಬಣ್ಣದ ತಂತಿಯನ್ನು. ನಮ್ಮ ಊರುಗಳಲ್ಲಿ ರವಿಕೆಯ ಆರಿ ಕಸೂತಿಯ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುವ ಜರ್ದೋಸಿ ಸುರುಳಿ ಅದರ ಸ್ಥಾನವನ್ನು ಚೆನ್ನಾಗಿ ತುಂಬುತ್ತದೆ. ಇವುಗಳ ಜೊತೆಗೆ ಚಿನ್ನದ ಬಣ್ಣದ ಸಣ್ಣ ಮಣಿಗಳು, ಹೂಗುಚ್ಛ ಕಟ್ಟುವವರು ಬಳಸುವ ಹಸಿರು ಅಥವಾ ಕಂದು ಟೇಪು, 5 ಸೆಂ.ಮೀ. ಅಗಲದ ಹತ್ತಿಯ ಲೇಸ್, ಒಂದು ರಿಬ್ಬನ್, ಚೂಪುಮೂತಿಯ ಇಕ್ಕಳ, ತಂತಿ ಕತ್ತರಿ, ಸಣ್ಣ ಹಲ್ಲಿನ ಗರಗಸ, ಕೈಯಿಂದ ತಿರುಗಿಸುವ ಸಣ್ಣ ಬೈರಿಗೆ ಮತ್ತು ಅದಕ್ಕೆ 1 ಮಿ.ಮೀ. ದಪ್ಪದ ಮೊನೆ ಇರಲಿ.

ಎರಡು ವಸ್ತುಗಳನ್ನು ಮಾತ್ರ ಬೇಕೆಂದೇ ಹೊರಗಿಡಿ. ಮೊದಲನೆಯದು ಥರ್ಮೊಕೋಲ್ ಚೆಂಡು. ಅದಕ್ಕೆ ಲವಂಗ ಚುಚ್ಚುವಾಗ ತಲೆಗಳು ಮುರಿಯುವುದಷ್ಟೇ ಅಲ್ಲ, ಲವಂಗದ ಎಣ್ಣೆ ಥರ್ಮೊಕೋಲನ್ನೇ ಮೆತ್ತಗಾಗಿಸುತ್ತದೆ. ಎರಡನೆಯದು ಬಿಸಿ ಅಂಟಿನ ಗನ್. ಎಣ್ಣೆಯಂಶವಿರುವ ಲವಂಗ, ಜಾಯಿಕಾಯಿಗಳ ಮೇಲೆ ಅಂಟು ನಿಲ್ಲುವುದಿಲ್ಲ. ಅಂಟಿನಲ್ಲಿ ಕೂರಿಸಿದ ಒಂದು ತುಂಡು ಬಿದ್ದರೆ ಪಕ್ಕದ ನಾಲ್ಕನ್ನು ಕೀಳದೆ ಅದನ್ನು ಸರಿಮಾಡಲು ಆಗುವುದಿಲ್ಲ.

ಆಸ್ಟ್ರಿಯಾದ ಒಣ ಅಲಂಕಾರಗಳಲ್ಲಿ ಗಸಗಸೆ ಗಿಡದ ಒಣ ಕಾಯಿಗಳೂ ಇರುತ್ತವೆ. ಭಾರತದಲ್ಲಿರುವವರು ಅವುಗಳನ್ನು ಹುಡುಕಲೇಬಾರದು. 1985ರ ಮಾದಕ ವಸ್ತುಗಳ ಕಾಯಿದೆಯ ಪ್ರಕಾರ ಅಫೀಮು ಗಸಗಸೆ ಗಿಡದ ಬೀಜವೊಂದನ್ನು ಬಿಟ್ಟು ಕೊಯ್ಲಾದ ಉಳಿದೆಲ್ಲ ಭಾಗಗಳೂ ನಿಯಂತ್ರಣಕ್ಕೆ ಒಳಪಟ್ಟಿವೆ. ಅಲ್ಲಿನವರು ಸೇರಿಸುವ ಆಲ್ಡರ್ ಮರದ ಪುಟ್ಟ ಕಾಯಿಗಳ ಬದಲಿಗೆ ನಮ್ಮ ಕರಾವಳಿಯ ಗಾಳಿಮರದ ಕಾಯಿಗಳನ್ನು ಧಾರಾಳವಾಗಿ ಬಳಸಬಹುದು.

ಹಂತ 1: ಆರಿಸುವುದು ಮತ್ತು ಹುಳು ಕೊಲ್ಲುವುದು

ಲವಂಗದಲ್ಲಿ ನಾಲ್ಕು ಎಸಳುಗಳ ನಡುವೆ ದುಂಡು ತಲೆ ಇನ್ನೂ ಕುಳಿತಿರುವುದನ್ನೇ ಆರಿಸಿ; ಎಣ್ಣೆ ತೆಗೆದ ಹಳೆಯ ಲವಂಗ ಉಗುರಿನಿಂದ ಒತ್ತಿದರೆ ಹುಡಿಯಾಗುತ್ತದೆ, ಒಳ್ಳೆಯ ಲವಂಗದಲ್ಲಿ ಎಣ್ಣೆ ಜಿನುಗುತ್ತದೆ. ಚಕ್ರಮೊಗ್ಗಿನ ಎಂಟು ತೋಳುಗಳಲ್ಲಿ ಒಂದೂ ಮುರಿದಿರಬಾರದು. ಏಲಕ್ಕಿ ದಪ್ಪಗೆ, ಹಸಿರಾಗಿ, ಬಾಯಿ ಬಿಡದೆ ಇರಬೇಕು. ಚಕ್ಕೆಯ ವಿಷಯದಲ್ಲಿ ಅಡುಗೆಯ ರುಚಿಯನ್ನು ಮರೆಯಿರಿ: ಪದರ ಪದರವಾದ ತೆಳು ಸಿಲೋನ್ ಚಕ್ಕೆ ತಂತಿಯ ಬಿಗಿತಕ್ಕೆ ಚೂರಾಗುತ್ತದೆ, ದಪ್ಪ ತೊಗಟೆಯ ಕ್ಯಾಸಿಯಾ ಚಕ್ಕೆ ತಡೆದುಕೊಳ್ಳುತ್ತದೆ.

ಆರಿಸಿದ ಮಸಾಲೆಗಳನ್ನು ಗಾಳಿಯಾಡದ ಚೀಲದಲ್ಲಿ ಕಟ್ಟಿ ಫ್ರೀಜರಿನಲ್ಲಿ ಮೈನಸ್ 18 ಡಿಗ್ರಿಯಲ್ಲಿ ಒಂದು ವಾರ ಇಡಿ. ಕಣ್ಣಿಗೆ ಕಾಣದ ಮೊಟ್ಟೆಗಳು ಮಸಾಲೆಯೊಳಗೆ ಇರಬಹುದು. ಮುಂದೆ ಗುಚ್ಛದಿಂದ ಉದುರುವ ಕಂದು ಪುಡಿ ಅವುಗಳಿಂದ ಹೊರಬಂದ ಕಂದು ದುಂಬಿಗಳ ಕೆಲಸ. ಚೀಲ ಹೊರತೆಗೆದ ಮೇಲೆ ಅದು ಕೋಣೆಯ ಬಿಸಿಗೆ ಬರುವವರೆಗೆ ಬಿಚ್ಚಬೇಡಿ, ಬಿಚ್ಚಿದರೆ ತಣ್ಣನೆಯ ಮಸಾಲೆಯ ಮೇಲೆ ನೀರು ಕಟ್ಟುತ್ತದೆ. ಬೇಗ ಕೆಲಸ ಮುಗಿಸುವ ಆಸೆಯಿಂದ ಈ ಒಂದು ವಾರವನ್ನು ಬಿಡುವವರೇ ಹೆಚ್ಚು, ಆದರೆ ಗುಚ್ಛ ಕಟ್ಟಿದ ಮೇಲೆ ಹುಳು ಕಂಡರೆ ಆಗ ಮಾಡಬಹುದಾದದ್ದು ಬಹಳ ಕಡಿಮೆ.

ಹಂತ 2: ಲವಂಗಕ್ಕೆ ತಂತಿ

ಇಡೀ ಕೆಲಸದಲ್ಲಿ ಹೆಚ್ಚು ತಾಳ್ಮೆ ಬೇಡುವ, ಹೆಚ್ಚು ಮಂದಿ ಕೈಬಿಡುವ ಹಂತ ಇದು. ಒಣ ಲವಂಗಕ್ಕೆ ತಂತಿ ಬಿಗಿದರೆ ಅದು ಮುರಿಯುತ್ತದೆ. ಆದ್ದರಿಂದ 20 ಲವಂಗಗಳನ್ನು ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ತಲೆಯ ಕೆಳಗಿನ ಕಡ್ಡಿಗೆ ಸೂಜಿಯ ಮೊನೆ ಸ್ವಲ್ಪ ಇಳಿಯುತ್ತದೆಯೇ ಎಂದು ನೋಡಿ. ಇಳಿಯದಿದ್ದರೆ ಇನ್ನೂ ಸ್ವಲ್ಪ ಹೊತ್ತು ಬಿಡಿ. ಕುದಿಯುವ ನೀರು ಹಾಕಬೇಡಿ. ಎಣ್ಣೆ ಮತ್ತು ಪರಿಮಳ ನೀರಿಗೆ ಹೋಗುತ್ತವೆ, ತಲೆಗಳೂ ಸಡಿಲವಾಗುತ್ತವೆ. ಎಲ್ಲ 60 ಲವಂಗಗಳನ್ನು ಒಟ್ಟಿಗೆ ನೆನೆಸಿದರೆ ಕೊನೆಯವು ಕೈಗೆ ಬರುವ ಹೊತ್ತಿಗೆ ಬೇಕಾದ್ದಕ್ಕಿಂತ ಮೆತ್ತಗಾಗಿರುತ್ತವೆ.

0.3 ಮಿ.ಮೀ. ತಂತಿಯ 12 ಸೆಂ.ಮೀ. ತುಂಡನ್ನು ತೆಗೆದುಕೊಂಡು, ಅದರ ಮಧ್ಯಭಾಗವನ್ನು ನಾಲ್ಕು ಎಸಳುಗಳ ಸರಿ ಕೆಳಗೆ ಇಟ್ಟು, ಎರಡು ತುದಿಗಳನ್ನು ಹಿಂಬದಿಗೆ ತನ್ನಿ. ಈಗ ಎಡಗೈಯಲ್ಲಿ ತಂತಿಯ ತುದಿಗಳನ್ನು ಬಿಗಿಯಾಗಿ ಹಿಡಿದು, ಬಲಗೈಯಿಂದ ಲವಂಗವನ್ನೇ ಮೂರು ಸುತ್ತು ತಿರುಗಿಸಿ. ತಂತಿಯನ್ನು ತಿರುಗಿಸಿದರೆ ಬಿಗಿತ ಒಂದೇ ಕಡೆ ಬಿದ್ದು ತಲೆ ಕತ್ತರಿಸಿಹೋಗುತ್ತದೆ, ಲವಂಗವನ್ನು ತಿರುಗಿಸಿದರೆ ಅದು ಸುತ್ತಲೂ ಹಂಚಿಹೋಗುತ್ತದೆ. ತಂತಿ ಲವಂಗದ ಮೈಯೊಳಗೆ ಇಳಿಯುವುದು ಕಂಡರೆ ತಕ್ಷಣ ನಿಲ್ಲಿಸಿ.

ಹೀಗೆ ತಯಾರಾದ ಐದು ಲವಂಗಗಳನ್ನು ಒಂದಕ್ಕಿಂತ ಒಂದು ಸ್ವಲ್ಪ ಎತ್ತರ ತಗ್ಗಾಗಿ ಹಿಡಿದು, ಅವುಗಳ ತಂತಿಗಳನ್ನು ಒಟ್ಟುಗೂಡಿಸಿ, 18 ಸೆಂ.ಮೀ. ಉದ್ದದ 0.6 ಮಿ.ಮೀ. ದಂಟಿಗೆ ಸುತ್ತಿ. ಹನ್ನೆರಡು ಗೊಂಚಲುಗಳಾಗಬೇಕು. ಐದೂ ತಲೆಗಳು ಒಂದೇ ಮಟ್ಟದಲ್ಲಿದ್ದರೆ ಒಂದಕ್ಕೊಂದು ಒತ್ತಿಕೊಂಡು ಕಟ್ಟುವಾಗ ಉದುರುತ್ತವೆ, ಎತ್ತರ ತಗ್ಗು ಇರಬೇಕಾದದ್ದು ಅಂದಕ್ಕಷ್ಟೇ ಅಲ್ಲ. ಗೊಂಚಲುಗಳನ್ನು ನೆರಳಿನಲ್ಲಿ, ಫ್ಯಾನಿನ ಗಾಳಿಯಲ್ಲಿ ಕನಿಷ್ಠ 3 ದಿನ ಒಣಗಿಸಿ. ಬಿಸಿಲಿಗೆ ಇಡಬೇಡಿ. ಹೊರಗೆ ಒಣಗಿದಂತೆ ಕಂಡರೂ ಒಳಗೆ ತೇವವಿದ್ದರೆ, ಗುಚ್ಛದ ನಡುವೆ ಗಾಳಿ ಸಿಗದೆ ಬಿಳಿ ಬೂಷ್ಟು ಬರುತ್ತದೆ.

ಹಂತ 3: ಜಾಯಿಕಾಯಿಗೆ ರಂಧ್ರ

ಜಾಯಿಕಾಯಿಯೇ ಗುಚ್ಛದಲ್ಲಿ ಅತಿ ಭಾರದ ವಸ್ತು, ಹಾಗಾಗಿ ಅದರ ದಂಟು ದಪ್ಪವಾಗಿರಬೇಕು ಮತ್ತು ಕಾಯಿಯ ಉದ್ದಕ್ಕೂ ಒಳಗಿನಿಂದ ಹಾದುಬರಬೇಕು. ಗಟ್ಟಿ ಚಿಪ್ಪು ತೆಗೆದ ಕಾಯಿಯನ್ನು ಬಟ್ಟೆ ಸುತ್ತಿ ವೈಸಿನಲ್ಲಿ (ವಸ್ತುವನ್ನು ಬಿಗಿಯಾಗಿ ಕಚ್ಚಿ ಹಿಡಿಯುವ ಸಾಧನ) ಕಚ್ಚಿಸಿ. ಬೆರಳುಗಳಲ್ಲಿ ಹಿಡಿದು ಕೊರೆಯುವುದು ಅಪಾಯ. ಕಾಯಿ ಜಾರಿದರೆ ಮೊನೆ ನೇರ ಅಂಗೈಗೆ ಬರುತ್ತದೆ. ಬೈರಿಗೆಯನ್ನು ನಿಧಾನವಾಗಿ ತಿರುಗಿಸುತ್ತ, ನಾಲ್ಕೈದು ಮಿಲಿಮೀಟರು ಇಳಿದಾಗಲೆಲ್ಲ ಹೊರಗೆಳೆದು ಅಂಟಿಕೊಂಡ ಎಣ್ಣೆಪುಡಿಯನ್ನು ಒರೆಸಿ. ವಿದ್ಯುತ್ ಡ್ರಿಲ್ಲಿನ ವೇಗಕ್ಕೆ ಈ ಎಣ್ಣೆ ಬಿಸಿಯಾಗಿ ಮೊನೆಗೆ ಮೆತ್ತಿಕೊಳ್ಳುತ್ತದೆ, ಕಾಯಿ ಸೀಳುವುದೂ ಉಂಟು.

0.8 ಮಿ.ಮೀ. ತಂತಿಯ ಒಂದು ತುದಿಗೆ ಮಣಿ ಪೋಣಿಸಿ, ಆ ತುದಿಯನ್ನು ಮಣಿಯ ಮೇಲೆ ಮಡಿಸಿ ಭದ್ರಪಡಿಸಿ, ಇನ್ನೊಂದು ತುದಿಯನ್ನು ಮೇಲಿನಿಂದ ರಂಧ್ರಕ್ಕೆ ಇಳಿಸಿ ಕೆಳಗಿನಿಂದ ಎಳೆಯಿರಿ. ಕೆಳಗೆ ಹೊರಬಂದ ಕಡೆ ತಂತಿಗೆ ಒಂದು ಸಣ್ಣ ಮಡಿಕೆ ಕೊಟ್ಟರೆ ಕಾಯಿ ಮೇಲೆ ಕೆಳಗೆ ಜಾರುವುದಿಲ್ಲ. ಬೈರಿಗೆ ಇಲ್ಲದವರು ಕಾಯಿಯ ಸುತ್ತ ನಾಲ್ಕು ದಿಕ್ಕಿನಿಂದ ತಂತಿ ಹಾಯಿಸಿ ಬಲೆಯಂತೆ ಕಟ್ಟುತ್ತಾರೆ. ನೋಡಲು ಅದು ಸೊಗಸಾಗಿಯೇ ಇರುತ್ತದೆ, ಆದರೆ ಕಾಯಿ ಒಣಗಿ ಕೊಂಚ ಕುಗ್ಗಿದರೂ ಬಲೆ ಸಡಿಲವಾಗುತ್ತದೆಯಾದ್ದರಿಂದ ಕೊರೆಯುವ ವಿಧಾನವನ್ನೇ ನಾನು ಒತ್ತಿ ಹೇಳುತ್ತೇನೆ.

ಹಂತ 4: ಚಕ್ರಮೊಗ್ಗು, ಚಕ್ಕೆ, ಏಲಕ್ಕಿ

ಚಕ್ರಮೊಗ್ಗಿಗೆ 0.3 ಮಿ.ಮೀ. ತಂತಿಯ ನಡುವೆ ಒಂದು ಮಣಿ ಪೋಣಿಸಿ, ಮಣಿಯನ್ನು ಹೂವಿನ ಮಧ್ಯದಲ್ಲಿ ಕೂರಿಸಿ, ತಂತಿಯ ಎರಡು ತುದಿಗಳನ್ನು ಎದುರುಬದುರಿನ ಸಂದುಗಳಲ್ಲಿ ಹಿಂದಕ್ಕೆ ಇಳಿಸಿ ಹೊಸೆಯಿರಿ. ಮಣಿ ಅಲುಗಾಡದಿದ್ದರೆ ಸಾಕು, ಅದಕ್ಕಿಂತ ಬಿಗಿದರೆ ತೋಳು ಮುರಿಯುತ್ತದೆ. ಆಮೇಲೆ ದಂಟಿಗೆ ಸೇರಿಸಿ.

ಚಕ್ಕೆಯನ್ನು ಕತ್ತರಿಯಿಂದ ತುಂಡರಿಸಿದರೆ ಉದ್ದಕ್ಕೆ ಸೀಳುತ್ತದೆ, ಗರಗಸವೇ ಬೇಕು. ಮೂರು ತುಂಡುಗಳನ್ನು ಒಟ್ಟಿಗಿಟ್ಟು, ಒಂದರ ಸುರುಳಿಯ ಒಳಗಿನಿಂದ ದಂಟು ಹಾಯಿಸಿ, ನಡುವೆ ತಂತಿ ಸುತ್ತಿ, ಆ ತಂತಿ ಕಾಣದಂತೆ ಮೇಲೆ ಜರ್ದೋಸಿ ಸುತ್ತಿ. ಇಂಥ ಆರು ಕಟ್ಟುಗಳು ಸಾಕು. ಏಲಕ್ಕಿಯನ್ನು ನೆನೆಸಬೇಡಿ, ನೆನೆದರೆ ಬಾಯಿ ಬಿಡುತ್ತದೆ. ತೊಟ್ಟಿನ ಬದಿಯಲ್ಲಿ ಸೂಜಿಯಿಂದ ಚುಚ್ಚಿ ತಂತಿ ಹಾಯಿಸಿ, ಮೂರು ಮೂರರಂತೆ ಎಂಟು ಗೊಂಚಲು ಮಾಡಿ.

ಜರ್ದೋಸಿ ಸುರುಳಿಯನ್ನು ಬಳಸುವಾಗ ಒಂದು ಎಚ್ಚರಿಕೆ ಅಗತ್ಯ. ಒಮ್ಮೆ ಎಳೆದ ಸುರುಳಿ ಮತ್ತೆ ಹಿಂದಿನ ಸ್ಥಿತಿಗೆ ಬರುವುದಿಲ್ಲ. 3 ಸೆಂ.ಮೀ. ಕತ್ತರಿಸಿ, ಎರಡರಷ್ಟು ಉದ್ದಕ್ಕೆ ಮಾತ್ರ ಮೆಲ್ಲಗೆ ಎಳೆದು ಲವಂಗದ ಗೊಂಚಲುಗಳ ನಡುವೆ ಹಾಯಿಸಿ. ಹೆಚ್ಚು ಎಳೆದರೆ ಬೆಳಕು ಹಿಡಿಯುವ ಸುರುಳಿ ಹೋಗಿ ಬರಿಯ ಸೊಟ್ಟ ತಂತಿ ಉಳಿಯುತ್ತದೆ.

ಹಂತ 5: ಎಣಿಸಿ ಜೋಡಿಸುವುದು

ತಯಾರಾದ ತುಂಡುಗಳನ್ನು ಬಗೆಗೊಂದರಂತೆ ಲೋಟಗಳಲ್ಲಿ ನಿಲ್ಲಿಸಿ: ಚಕ್ರಮೊಗ್ಗು 6, ಜಾಯಿಕಾಯಿ 3, ಲವಂಗದ ಗೊಂಚಲು 12, ಚಕ್ಕೆಯ ಕಟ್ಟು 6, ಏಲಕ್ಕಿಯ ಗೊಂಚಲು 8. ಪ್ರತಿಯೊಂದರ ದಂಟನ್ನು ಹಿಡಿದು ಕೈಯಲ್ಲಿ ಅಲ್ಲಾಡಿಸಿ ನೋಡಿ. ತಲೆ ತೂಗಾಡಿದರೆ ಅದನ್ನು ಈಗಲೇ ಬಿಚ್ಚಿ ಸರಿಪಡಿಸಿ, ಗುಚ್ಛದೊಳಗೆ ಸೇರಿದ ಮೇಲೆ ಅದು ತಾನಾಗಿ ಬಿಗಿಯಾಗುವುದಿಲ್ಲ.

ಹಂತ 6: ಗುಚ್ಛ ಕಟ್ಟುವುದು

ಕೂತ ಮೇಲೆ ಈ ಹಂತವನ್ನು ಒಂದೇ ಬಾರಿಗೆ ಮುಗಿಸಬೇಕು. ಒಂದು ಚಕ್ರಮೊಗ್ಗನ್ನು ಎಡಗೈಯಲ್ಲಿ ಹಿಡಿಯಿರಿ. ತಲೆಯಿಂದ 6 ಸೆಂ.ಮೀ. ಕೆಳಗೆ ನಿಮ್ಮ ಹೆಬ್ಬೆರಳು ಇರುವ ಜಾಗವೇ ಕಟ್ಟಿನ ಜಾಗ. ಕೊನೆಯವರೆಗೂ ಪ್ರತಿಯೊಂದು ದಂಟೂ ಈ ಒಂದೇ ಬಿಂದುವಿನಲ್ಲಿ ಸೇರಬೇಕು. ಕಟ್ಟಿನ ಜಾಗ ಮೇಲೆ ಕೆಳಗೆ ಸರಿದಾಡುವುದೇ ಗುಚ್ಛ ವಾಲಲು ಮೊದಲ ಕಾರಣ.

ನಡುವಿನ ಚಕ್ರಮೊಗ್ಗಿನ ಸುತ್ತ ಮೂರು ಜಾಯಿಕಾಯಿಗಳನ್ನು ತ್ರಿಕೋನವಾಗಿ, ಅದಕ್ಕಿಂತ ಸ್ವಲ್ಪ ತಗ್ಗಿನಲ್ಲಿ ಇಡಿ. ಭಾರವೆಲ್ಲ ನಡುವೆ ಇರಬೇಕು. ಚೆಲುವಿಗೆಂದು ಜಾಯಿಕಾಯಿಗಳನ್ನು ಅಂಚಿನಲ್ಲಿಟ್ಟವರ ಗುಚ್ಛ ವಾರದೊಳಗೆ ಜೋಲುತ್ತದೆ. ಮೂರರ ಸಂದುಗಳಲ್ಲಿ ಮೂರು ಲವಂಗದ ಗೊಂಚಲು ಇಳಿಸಿ, ಕಟ್ಟುವ ಜಾಗದಲ್ಲಿ 0.3 ಮಿ.ಮೀ. ತಂತಿಯನ್ನು ಮೂರು ಸುತ್ತು ಬಿಗಿಯಾಗಿ ಎಳೆದು ಸುತ್ತಿ. ತಂತಿಯನ್ನು ಕತ್ತರಿಸದೆ ಹಾಗೆಯೇ ಮುಂದುವರಿಸಿ.

ಮುಂದಿನ ಸುತ್ತಿನಲ್ಲಿ ಚಕ್ಕೆ ಮತ್ತು ಏಲಕ್ಕಿ ಒಂದರ ಪಕ್ಕ ಒಂದು ಬರುತ್ತವೆ. ಆರು ಚಕ್ಕೆಯ ಕಟ್ಟುಗಳ ನಡುವೆ ಆರು ಏಲಕ್ಕಿ ಗೊಂಚಲುಗಳನ್ನು ಇಟ್ಟು, ಉಳಿದ ಎರಡನ್ನು ಕೊನೆಗೆ ಸಂದು ತುಂಬಲು ಇರಿಸಿಕೊಳ್ಳಿ. ಗುಚ್ಛವನ್ನು ಸದಾ ಒಂದೇ ದಿಕ್ಕಿಗೆ ತಿರುಗಿಸುತ್ತ ಹೋಗಬೇಕು. ದಿಕ್ಕು ಬದಲಾದರೆ ದಂಟುಗಳು ಅಡ್ಡಾದಿಡ್ಡಿಯಾಗಿ ಹೆಣೆದುಕೊಂಡು ಕಟ್ಟು ಉಬ್ಬುತ್ತದೆ. ಈ ಸುತ್ತು ಹಿಂದಿನದಕ್ಕಿಂತ 5ರಿಂದ 8 ಮಿ.ಮೀ. ತಗ್ಗಿನಲ್ಲಿರಲಿ, ದಂಟುಗಳನ್ನು ಕಟ್ಟಿನ ಮೇಲ್ಭಾಗದಲ್ಲಿ ಹೊರಕ್ಕೆ ಬಾಗಿಸಿ. ಎರಡು ಮೂರು ತುಂಡು ಸೇರಿದಾಗಲೆಲ್ಲ ತಂತಿಯನ್ನು ಒಂದು ಸುತ್ತು ಹಾಕಿ ಎಳೆಯಿರಿ. ಹತ್ತು ತುಂಡು ಸೇರಿಸಿ ಆಮೇಲೆ ಒಟ್ಟಿಗೆ ಬಿಗಿಯುತ್ತೇನೆಂದರೆ ಹೊರಗಿನವು ಬಿಗಿಯಾಗುತ್ತವೆ, ಒಳಗಿನವು ಸಡಿಲವಾಗಿಯೇ ಉಳಿಯುತ್ತವೆ.

ಕೊನೆಯ ಸುತ್ತಿಗೆ ಉಳಿದ ಐದು ಚಕ್ರಮೊಗ್ಗುಗಳು ಮತ್ತು ಒಂಬತ್ತು ಲವಂಗದ ಗೊಂಚಲುಗಳು. ಪ್ರತಿ ಸುತ್ತು ಮುಗಿದಾಗ ಗುಚ್ಛವನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಪಕ್ಕದಿಂದ ನೋಡಿ. ಮೇಲಿನಿಂದ ಮಾತ್ರ ನೋಡುತ್ತ ಕಟ್ಟಿದವರ ಗುಚ್ಛ ಚಪ್ಪಟೆಯಾಗುತ್ತದೆ; ಎತ್ತರ ಅಗಲದ ಮೂರನೇ ಒಂದು ಭಾಗಕ್ಕಿಂತ ಕಡಿಮೆಯಾಗಬಾರದು. ಚಪ್ಪಟೆಯಾಗುತ್ತಿದೆ ಎನಿಸಿದರೆ ಕೊನೆಯ ಸುತ್ತನ್ನು ಮಾತ್ರ ಬಿಚ್ಚಿ ಇನ್ನಷ್ಟು ತಗ್ಗಿಸಿ ಕಟ್ಟಿ, ನಡುವಿನ ತುಂಡುಗಳನ್ನು ಮೇಲಕ್ಕೆ ಎಳೆಯಲು ಹೋಗಬೇಡಿ. ಉಳಿದ ಸಂದುಗಳಿಗೆ ಏಲಕ್ಕಿಯ ಎರಡು ಗೊಂಚಲು, ಮಣಿ ಪೋಣಿಸಿದ ತಂತಿಯ ಕುಣಿಕೆಗಳು ಅಥವಾ ಗಾಳಿಮರದ ಕಾಯಿಗಳು ಸಾಕು. ಇವಕ್ಕೂ ದಂಟು ಇರಲೇಬೇಕು.

ಹಂತ 7: ದಂಟು, ಲೇಸ್, ರಿಬ್ಬನ್

ದಂಟುಗಳನ್ನೆಲ್ಲ ಒಂದೇ ಉದ್ದಕ್ಕೆ ಕತ್ತರಿಸಿದರೆ ಹಿಡಿಯ ತುದಿ ಮೊಂಡಾಗಿ ದಪ್ಪವಾಗುತ್ತದೆ. ಹೊರಗಿನವನ್ನು ಗಿಡ್ಡವಾಗಿ, ಒಳಗಿನವನ್ನು ಉದ್ದವಾಗಿ, ಮೆಟ್ಟಿಲು ಮೆಟ್ಟಿಲಾಗಿ ಕತ್ತರಿಸಿದರೆ ಹಿಡಿ ತಾನಾಗಿ ಸಪೂರವಾಗುತ್ತದೆ. ಹೂಗುಚ್ಛದ ಟೇಪು ಎಳೆದಾಗ ಮಾತ್ರ ಅಂಟುತ್ತದೆ. ಎಳೆಯದೆ ಸುತ್ತಿ, ಟೇಪು ಕೆಟ್ಟದ್ದೆಂದು ದೂರುವವರಿದ್ದಾರೆ. ಮೇಲಿನಿಂದ ಕೆಳಕ್ಕೆ ಓರೆಯಾಗಿ ಸುತ್ತಿ, ತಂತಿಯ ಚೂಪು ತುದಿಗಳು ಪೂರ್ತಿ ಮುಚ್ಚಿವೆಯೇ ಎಂದು ಬೆರಳಾಡಿಸಿ ನೋಡಿ.

ಲೇಸಿನ ಒಂದು ಅಂಚಿಗೆ ದಾರ ಹಾಯಿಸಿ ನೆರಿಗೆ ಎಳೆದು, ಗುಚ್ಛದ ಕೆಳಗೆ ಕಟ್ಟಿನ ಜಾಗದಲ್ಲಿ ಬಿಗಿದು ಹೊಲಿಯಿರಿ. ಇದು ಹೊರಗಿನ ಸುತ್ತಿನ ಕೆಳಗೆ ಒಂದು ಸೆಂಟಿಮೀಟರಷ್ಟು ಮಾತ್ರ ಕಾಣಬೇಕು. ರಿಬ್ಬನ್ ಕೊನೆಗೆ.

ಕಾಪಾಡುವುದು ಮತ್ತು ಅಪಾಯದ ಸೂಚನೆಗಳು

ಕರಾವಳಿ ಮತ್ತು ಮಲೆನಾಡಿನಲ್ಲಿರುವವರು ಈ ಕೆಲಸವನ್ನು ಡಿಸೆಂಬರ್‌ನಿಂದ ಫೆಬ್ರವರಿಯ ಒಣ ದಿನಗಳಲ್ಲಿ ಮಾಡುವುದು ಒಳ್ಳೆಯದು, ಮಳೆಗಾಲದಲ್ಲಿ ನೆನೆಸಿದ ಲವಂಗ ಒಣಗುವುದೇ ಇಲ್ಲ. ಮುಗಿದ ಗುಚ್ಛವನ್ನು ಮಳೆಗಾಲ ಕಳೆಯುವವರೆಗೆ ಗಾಜಿನ ಭರಣಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಆಸ್ಟ್ರಿಯಾದಲ್ಲೋ ಬೇರೆ ಚಳಿ ದೇಶದಲ್ಲೋ ಇರುವವರಿಗೆ ಸಮಸ್ಯೆ ಇದಕ್ಕೆ ತದ್ವಿರುದ್ಧ: ಹೀಟರಿನ ಒಣ ಗಾಳಿಗೆ ಚಕ್ಕೆ ಬಿರಿಯುತ್ತದೆ, ಹೀಟರಿನ ಮೇಲ್ಗಡೆ ಗುಚ್ಛವನ್ನು ಇಡಬಾರದು. ನೇರ ಬಿಸಿಲಿನಲ್ಲಿ ಏಲಕ್ಕಿಯ ಹಸಿರು ಬಣ್ಣ ಮಾಸುತ್ತದೆ. ವಾರ್ನಿಷ್ ಹಚ್ಚಿದ ಮೇಜಿನ ಮೇಲೆ ಮಲಗಿಸಿಟ್ಟರೆ ಲವಂಗದ ಎಣ್ಣೆಯ ಕಲೆ ಉಳಿಯುತ್ತದೆ.

ಅಡಿಯಲ್ಲಿ ನುಣುಪು ಪುಡಿ, ಏಲಕ್ಕಿಯಲ್ಲಿ ಸೂಜಿ ಮೊನೆಯಷ್ಟು ತೂತು ಕಂಡರೆ ಅದು ಹುಳುವಿನ ಸೂಚನೆ. ಅದೇ ದಿನ ಗುಚ್ಛವನ್ನು ಚೀಲದಲ್ಲಿ ಕಟ್ಟಿ ಮತ್ತೆ ಒಂದು ವಾರ ಫ್ರೀಜರಿನಲ್ಲಿಡಿ. ಬಿಳಿ ಬೂಷ್ಟು ಒಂದು ಗೊಂಚಲಿನಲ್ಲಿ ಮಾತ್ರ ಇದ್ದರೆ ಆ ಗೊಂಚಲನ್ನು ಎಳೆದು ತೆಗೆಯಿರಿ, ನಡುವೆ ಹಬ್ಬಿದ್ದರೆ ಇಡೀ ಗುಚ್ಛವನ್ನು ಎಸೆಯುವುದೇ ಸರಿ. ತಂತಿ, ಜರಿ, ಧೂಳು ಮೆತ್ತಿದ ಈ ಮಸಾಲೆಗಳನ್ನು ಎಂದಿಗೂ ಅಡುಗೆಗೆ ಮರಳಿ ಬಳಸಬೇಡಿ. ಜಾಯಿಕಾಯಿ ಹೆಚ್ಚಾಗಿ ಹೊಟ್ಟೆಗೆ ಹೋದರೆ ಮಕ್ಕಳಿಗೂ ನಾಯಿಗಳಿಗೂ ವಿಷವಾಗುತ್ತದೆ, ಸಡಿಲಾದ ಮಣಿ ಮಗುವಿನ ಗಂಟಲಿಗೆ ಸಿಕ್ಕಬಹುದು. ಗುಚ್ಛ ಅವರ ಕೈಗೆಟುಕದ ಎತ್ತರದಲ್ಲಿರಲಿ.

ಒಂದು ತುಂಡು ಕಳಚಿದಾಗ ಲೇಸ್ ಬಿಚ್ಚಿ, ಟೇಪನ್ನು ಕಟ್ಟಿನ ಜಾಗದವರೆಗೆ ಮಾತ್ರ ತೆರೆದು, ಆ ದಂಟನ್ನು ಇಕ್ಕಳದಿಂದ ಕೆಳಕ್ಕೆ ಎಳೆದು ತೆಗೆದು, ಅದೇ ಸಂದಿನಲ್ಲಿ ಹೊಸದನ್ನು ಮೇಲಿನಿಂದ ಇಳಿಸಿ ಮತ್ತೆ ಸುತ್ತಬೇಕು. ಎರಡು ಲವಂಗದ ಗೊಂಚಲು ಮತ್ತು ಒಂದು ಚಕ್ರಮೊಗ್ಗನ್ನು ಮೊದಲೇ ದಂಟು ಸಮೇತ ತಯಾರಿಸಿ, ಮುಚ್ಚಿದ ಡಬ್ಬಿಯಲ್ಲಿ ತೆಗೆದಿಟ್ಟಿರಿ.